ಹಾದುಹೋಗುವ ಸರಕು, ಉಳಿಯುವ ದುಡ್ಡು: ವಿಯೆಟ್ನಾಮಿನ ವಿದೇಶ ವ್ಯಾಪಾರದ ಲೆಕ್ಕ

2024ರಲ್ಲಿ ವಿಯೆಟ್ನಾಂ ಹೊರದೇಶಗಳಿಗೆ ಮಾರಿದ ಸರಕಿನ ಮೌಲ್ಯ ಸುಮಾರು 405 ಶತಕೋಟಿ ಡಾಲರ್. ಭಾರತದ ಸರಕು ರಫ್ತು 2023-24ರ ಆರ್ಥಿಕ ವರ್ಷದಲ್ಲಿ 437 ಶತಕೋಟಿ ಡಾಲರ್ ಇತ್ತು. ಇಲ್ಲಿ ನೂರನಲವತ್ತು ಕೋಟಿ ಜನ, ಅಲ್ಲಿ ಹತ್ತು ಕೋಟಿ. ವಿಸ್ತೀರ್ಣದಲ್ಲಿ ವಿಯೆಟ್ನಾಂ ಕರ್ನಾಟಕದ ಎರಡು ಪಟ್ಟೂ ಇಲ್ಲ. ಇಷ್ಟು ಹೇಳಿ ನಿಲ್ಲಿಸಿದರೆ ಅದು ಪವಾಡದಂತೆ ಕಾಣುತ್ತದೆ, ಹೆಚ್ಚಿನವರು ಅಲ್ಲಿಗೇ ನಿಲ್ಲಿಸುತ್ತಾರೆ ಕೂಡ.

ಅದೇ ವರ್ಷ ಆ ದೇಶ 381 ಶತಕೋಟಿ ಡಾಲರಿನ ಸರಕನ್ನು ಹೊರಗಿನಿಂದ ತರಿಸಿಕೊಂಡಿತು. ಅದರ ಒಟ್ಟು ದೇಶೀಯ ಉತ್ಪನ್ನ (ಜಿಡಿಪಿ) 476 ಶತಕೋಟಿ ಡಾಲರ್. ಅಂದರೆ ಬಂದರುಗಳಲ್ಲಿ ಏರಿಳಿದ ಸರಕಿನ ಬೆಲೆ ಇಡೀ ದೇಶದ ವರ್ಷದ ಉತ್ಪನ್ನದ ಒಂದೂವರೆ ಪಟ್ಟಿಗೂ ಮೀರಿದ್ದು. ಇದರಲ್ಲಿ ಕಣ್ಕಟ್ಟೇನೂ ಇಲ್ಲ. ಜಿಡಿಪಿ ಎಣಿಸುವುದು ದೇಶದೊಳಗೆ ಹೊಸದಾಗಿ ಸೇರಿದ ಮೌಲ್ಯವನ್ನು ಮಾತ್ರ. ರಫ್ತಿನ ಅಂಕಿ ಎಣಿಸುವುದು ಸರಕಿನ ಪೂರ್ತಿ ಬೆಲೆಯನ್ನು, ಅದರೊಳಗಿನ ಕೊರಿಯಾದ ಚಿಪ್, ಚೀನಾದ ಬಟ್ಟೆ, ಆಫ್ರಿಕಾದ ಗೇರುಬೀಜ ಎಲ್ಲವನ್ನೂ ಸೇರಿಸಿ. ಹಾಗಾಗಿ ವಿಯೆಟ್ನಾಮಿನ ಆರ್ಥಿಕ ಸಾಧನೆಯನ್ನು ಅಳೆಯುವಾಗ ಎಷ್ಟು ಹೊರಗೆ ಹೋಯಿತು ಎಂಬುದರ ಜೊತೆಗೆ ಎಷ್ಟು ಒಳಗೆ ಉಳಿಯಿತು, ಯಾರ ಕೈಯಲ್ಲಿ ಉಳಿಯಿತು ಎಂದೂ ಕೇಳಬೇಕಾಗುತ್ತದೆ. ಕಾಫಿ, ಕಾಳುಮೆಣಸು, ಗೇರು, ಫೋನು ಈ ಪ್ರಶ್ನೆಗೆ ಕೊಡುವ ಉತ್ತರಗಳು ಬೇರೆಬೇರೆ. ಮೊದಲ ಮೂರು ಕೊಡಗು, ಚಿಕ್ಕಮಗಳೂರು, ಮಂಗಳೂರುಗಳ ಬದುಕನ್ನು ನೇರವಾಗಿ ತಟ್ಟಿದ ಸರಕುಗಳು.

ಸುಧಾರಣೆಯ ಚರಿತ್ರೆ ಸಾಮಾನ್ಯವಾಗಿ ಶುರುವಾಗುವುದು 1986ರ ಡಿಸೆಂಬರ್‌ನಲ್ಲಿ ನಡೆದ ಕಮ್ಯುನಿಸ್ಟ್ ಪಕ್ಷದ ಆರನೇ ಮಹಾಧಿವೇಶನದಿಂದ. 'ದೊಯ್ ಮೊಯ್' ಎಂಬ ಹೊಸ ಆರ್ಥಿಕ ನೀತಿ ಘೋಷಣೆಯಾದದ್ದು ಅಲ್ಲಿ. ಆ ವರ್ಷ ಹಣದುಬ್ಬರ ಶೇ 700 ದಾಟಿತ್ತು, ನಗರಗಳಲ್ಲಿ ಅಕ್ಕಿಗೆ ಪಡಿತರ ಚೀಟಿ ಹಿಡಿದು ನಿಲ್ಲಬೇಕಿತ್ತು. ಆದರೆ ಬದಲಾವಣೆ ಮೇಲಿನಿಂದ ಇಳಿದು ಬಂದದ್ದು ಎನ್ನುವುದು ಅರ್ಧ ಸತ್ಯ. ಉತ್ತರದ ವಿನ್ ಫುಕ್ ಪ್ರಾಂತ್ಯದ ಪಕ್ಷ ಕಾರ್ಯದರ್ಶಿ ಕಿಮ್ ನೊಕ್ 1966ರಲ್ಲೇ ಸಾಮೂಹಿಕ ಗದ್ದೆಗಳನ್ನು ಕುಟುಂಬಗಳಿಗೆ ಗುತ್ತಿಗೆ ಕೊಡುವ ಪ್ರಯೋಗಕ್ಕೆ ಕೈಹಾಕಿದ್ದರು. ಇಳುವರಿ ಹೆಚ್ಚಿತು. 1968ರಲ್ಲಿ ಪಕ್ಷ ಅವರನ್ನು ಬಹಿರಂಗವಾಗಿ ಟೀಕಿಸಿ ಪ್ರಯೋಗವನ್ನು ನಿಲ್ಲಿಸಿತು. 1979ರಲ್ಲಿ ಅವರು ತೀರಿಕೊಂಡರು, ಮನ್ನಣೆ ಸಿಕ್ಕಿದ್ದು ಆಮೇಲೆ. ದಕ್ಷಿಣದಲ್ಲಿ, 1980ರ ಆಸುಪಾಸಿನಲ್ಲಿ, ಹೊ ಚಿ ಮಿನ್ ನಗರದ ಆಹಾರ ಸಂಸ್ಥೆಯ ಬಾ ಥಿ ಎಂಬ ಮಹಿಳೆ ಸರ್ಕಾರ ನಿಗದಿ ಮಾಡಿದ ಬೆಲೆಯ ಹಲವು ಪಟ್ಟು ಕೊಟ್ಟು ಮೆಕಾಂಗ್ ಬಯಲಿನ ರೈತರಿಂದ ಅಕ್ಕಿ ಕೊಂಡು ನಗರಕ್ಕೆ ಸಾಗಿಸಿದರು. ಕಾನೂನಿನ ಕಣ್ಣಿನಲ್ಲಿ ಅದು ಅಪರಾಧವೇ. ಆಗ ನಗರದ ಪಕ್ಷ ಮುಖ್ಯಸ್ಥರಾಗಿದ್ದ ವೊ ವಾನ್ ಕಿಯೆಟ್ ಬೆನ್ನಿಗಿದ್ದರು. 1991ರಲ್ಲಿ ಅವರೇ ಪ್ರಧಾನಿಯಾದರು. ಇಂಥ ಬೇಲಿ ಹಾರುವ ಕೆಲಸಗಳಿಗೆ 1986ರಲ್ಲಿ ಅಧಿಕೃತ ಮುದ್ರೆ ಬಿತ್ತು ಎಂದರೆ ಹೆಚ್ಚು ಸರಿ.

1988ರ ಪಾಲಿಟ್‌ಬ್ಯೂರೊ ನಿರ್ಣಯ ರೈತ ಕುಟುಂಬವನ್ನು ಸ್ವತಂತ್ರ ಉತ್ಪಾದಕ ಎಂದು ಒಪ್ಪಿಕೊಂಡಿತು. ಮಾರನೆಯ ವರ್ಷವೇ, ಅದುವರೆಗೆ ಅಕ್ಕಿ ತರಿಸಿಕೊಳ್ಳುತ್ತಿದ್ದ ದೇಶ ಹದಿನಾಲ್ಕು ಲಕ್ಷ ಟನ್ ಅಕ್ಕಿ ರಫ್ತು ಮಾಡಿತು. ಹೊಸ ತಳಿ, ಗೊಬ್ಬರ, ನೀರಾವರಿ ಎಲ್ಲವೂ ನಿಧಾನಕ್ಕೆ ಫಲ ಕೊಡುವಂಥವು; ಒಂದೇ ವರ್ಷದ ಈ ಜಿಗಿತವನ್ನು ಗದ್ದೆಯ ಸಾಗುವಳಿ ಹಕ್ಕಿನ ಬದಲಾವಣೆಯಿಲ್ಲದೆ ವಿವರಿಸಲು ಆಗದು. 2023ರ ಜುಲೈಯಲ್ಲಿ ಭಾರತ ಬಾಸ್ಮತಿಯೇತರ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿದಾಗ ವಿಯೆಟ್ನಾಂ ಅಕ್ಕಿಯ ಬೆಲೆ ಟನ್ನಿಗೆ 600 ಡಾಲರ್ ದಾಟಿತು. ದೆಹಲಿಯ ಆದೇಶದ ಲಾಭ ಮೆಕಾಂಗ್ ರೈತನ ಜೇಬಿಗೆ ಹೋಯಿತು.

ಕಾಫಿಯ ಕಥೆ ಇನ್ನೂ ವಿಚಿತ್ರ. 1857ರಲ್ಲಿ ಫ್ರೆಂಚ್ ಪಾದ್ರಿಗಳು ತಂದ ಗಿಡ ಒಂದು ಶತಮಾನ ಕಳೆದರೂ ದೊಡ್ಡ ಬೆಳೆಯಾಗಿರಲಿಲ್ಲ. ಅದನ್ನು ದೊಡ್ಡದು ಮಾಡಲು ಮೊದಲು ಹೊರಟವರಲ್ಲಿ ಪೂರ್ವ ಜರ್ಮನಿ ಒಂದು. 1970ರ ದಶಕದ ಕೊನೆಯಲ್ಲಿ ಅಲ್ಲಿ ಕಾಫಿಗೆ ಬರ ಬಂತು, ಕೊಳ್ಳಲು ಡಾಲರ್ ಇರಲಿಲ್ಲ. ಸಮಾಜವಾದಿ ಮಿತ್ರದೇಶದಲ್ಲಿ ತೋಟ ಎಬ್ಬಿಸಿ, ಇಪ್ಪತ್ತು ವರ್ಷ ಫಸಲಿನ ಅರ್ಧ ಪಾಲು ಪಡೆಯುವ ಒಪ್ಪಂದ 1980ರಲ್ಲಿ ಆಯಿತು. ದಾಕ್ ಲಾಕ್ ಪ್ರಸ್ಥಭೂಮಿಗೆ ಯಂತ್ರ, ಲಾರಿ, ನೀರಾವರಿ ಸಾಮಗ್ರಿ ಬಂದವು. ಗಿಡಗಳು ಪೂರ್ತಿ ಫಸಲು ಕೊಡುವ ಹೊತ್ತಿಗೆ 1990 ಬಂತು, ಪೂರ್ವ ಜರ್ಮನಿ ಎಂಬ ದೇಶವೇ ಇಲ್ಲವಾಯಿತು. ತೋಟ ವಿಯೆಟ್ನಾಮಿಗೆ ಉಳಿಯಿತು.

ಮುಂದಿನ ಹತ್ತು ವರ್ಷಗಳಲ್ಲಿ ಅಲ್ಲಿನ ಬಯಲು ಪ್ರದೇಶಗಳ ಲಕ್ಷಾಂತರ ಜನ ಈ ಎತ್ತರದ ನಾಡಿಗೆ ವಲಸೆ ಬಂದು ರೊಬಸ್ಟಾ ನೆಟ್ಟರು. 1980ರ ದಶಕದ ನಡುವಿನಲ್ಲಿ ಇಪ್ಪತ್ತು ಸಾವಿರ ಟನ್ನಿನ ಒಳಗೇ ಇದ್ದ ಉತ್ಪಾದನೆ 2000ದ ಹೊತ್ತಿಗೆ ಎಂಟು ಲಕ್ಷ ಟನ್ ಮುಟ್ಟಿತು. ಕೊಲಂಬಿಯಾ ಹಿಂದೆ ಬಿತ್ತು, ಬ್ರೆಜಿಲ್ ಮಾತ್ರ ಮುಂದೆ ಉಳಿಯಿತು. ಇದಕ್ಕೆ ಬೆಲೆ ತೆತ್ತವರೂ ಇದ್ದಾರೆ. ಕಾಡು ಕರಗಿತು. ಎದೆ, ಜರಾಯ್ ಮುಂತಾದ ಮೂಲ ಸಮುದಾಯಗಳು ನೆಲ ಕಳೆದುಕೊಂಡವು. 2001ರ ಫೆಬ್ರುವರಿಯಲ್ಲಿ ಬುವೊನ್ ಮಾ ಥುವೊಟ್, ಪ್ಲೇಕು ಪಟ್ಟಣಗಳಲ್ಲಿ ಅವರು ಬೀದಿಗಿಳಿದು ಪ್ರತಿಭಟಿಸಿದರು. ಇದೇ ಕಾಫಿ ಪ್ರವಾಹದಿಂದ ಜಾಗತಿಕ ಬೆಲೆ ನೆಲಕಚ್ಚಿದ್ದೂ ಆಗಲೇ. ಬೆಳೆಯನ್ನು ಮಂಡಳಿಗೇ ಒಪ್ಪಿಸಬೇಕಿದ್ದ ಕಾಫಿ ಮಂಡಳಿಯ ಪೂಲ್ ವ್ಯವಸ್ಥೆಯಿಂದ 1996ರಲ್ಲಿ ಪೂರ್ತಿ ಹೊರಬಂದು ಮುಕ್ತ ಮಾರುಕಟ್ಟೆಯ ರುಚಿ ನೋಡತೊಡಗಿದ್ದ ಕೊಡಗು, ಹಾಸನ, ಚಿಕ್ಕಮಗಳೂರುಗಳ ಬೆಳೆಗಾರರಿಗೆ ಸಾಲದ ವರ್ಷಗಳು ಶುರುವಾದವು.

ಆಗ ಹುಟ್ಟಿದ ಒಂದು ನಂಬಿಕೆ ಇನ್ನೂ ಸತ್ತಿಲ್ಲ: ವಿಯೆಟ್ನಾಂ ಕಾಫಿ ಅಗ್ಗ, ಯಾಕೆಂದರೆ ಅಲ್ಲಿನ ಕೂಲಿ ಅಗ್ಗ. ಇಳುವರಿಯ ಅಂಕಿ ಇದನ್ನು ಒಪ್ಪುವುದಿಲ್ಲ. ಅಲ್ಲಿ ಹೆಕ್ಟೇರಿಗೆ ಸುಮಾರು ಎರಡೂವರೆ ಟನ್, ಇಲ್ಲಿ ರೊಬಸ್ಟಾಕ್ಕೆ ಒಂದು ಟನ್ನಿನ ಆಸುಪಾಸು. ಅಲ್ಲಿನ ತೋಟದಲ್ಲಿ ನೆರಳು ಮರಗಳು ವಿರಳ, ಗೊಬ್ಬರ ಧಾರಾಳ. ಮಲೆನಾಡಿನ ಹಲವು ಬೆಳೆಗಾರರು ಹೂಮಳೆಗೆ ಆಕಾಶ ನೋಡುವ ತಿಂಗಳುಗಳಲ್ಲಿ ಅಲ್ಲಿನ ರೈತ ಬಾವಿಗೆ ಪಂಪು ಹಚ್ಚಿ ಬುಡಬುಡಕ್ಕೂ ನೀರು ಹಾಯಿಸುತ್ತಾನೆ. ಹಿಡುವಳಿ ಚಿಕ್ಕದು, ದುಡಿಯುವುದು ಮನೆಮಂದಿ. ಅಗ್ಗವಾಗಿ ಸಿಕ್ಕಿದ್ದು ಅಂತರ್ಜಲ, ಅದೂ ಈಗ ಆಳಕ್ಕೆ ಹೋಗುತ್ತಿದೆ. 2024ರ ಬರಗಾಲದ ಜೊತೆಗೆ, ಚೀನಾದಲ್ಲಿ ಬೇಡಿಕೆ ಏರಿದ ಡುರಿಯನ್ ಹಣ್ಣಿಗಾಗಿ ಹಲವರು ಕಾಫಿ ಕಿತ್ತರು. ಆ ವರ್ಷ ವಿಯೆಟ್ನಾಮಿನ ಕಾಫಿ ರಫ್ತು ಪ್ರಮಾಣದಲ್ಲಿ ಇಳಿದರೂ ಬೆಲೆಯ ಲೆಕ್ಕದಲ್ಲಿ 5 ಶತಕೋಟಿ ಡಾಲರ್ ಮೀರಿ ದಾಖಲೆ ಮಾಡಿತು. ಸೆಪ್ಟೆಂಬರ್‌ನಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ರೊಬಸ್ಟಾ ಟನ್ನಿಗೆ 5,000 ಡಾಲರ್ ದಾಟಿತು. ಕೊಡಗಿನಲ್ಲಿ ಅದಕ್ಕೂ ಮೊದಲೇ, 50 ಕಿಲೋ ಚೀಲದ ರೊಬಸ್ಟಾ ಚೆರಿ ಹತ್ತು ಸಾವಿರ ರೂಪಾಯಿಯ ಗಡಿ ಮುಟ್ಟಿತ್ತು. ಇಪ್ಪತ್ತು ವರ್ಷ ಹಿಂದೆ ಬೆಲೆ ಮುರಿದದ್ದು ದಾಕ್ ಲಾಕಿನ ಸಮೃದ್ಧಿ, 2024ರಲ್ಲಿ ಏರಿಸಿದ್ದು ದಾಕ್ ಲಾಕಿನ ಬರ.

ಕಾಳುಮೆಣಸಿನಲ್ಲಿ ಜಗಳ ಬೆಳೆಯದ್ದಲ್ಲ, ದಾರಿಯದ್ದು. ಈ ಶತಮಾನದ ಆರಂಭದಲ್ಲೇ ವಿಯೆಟ್ನಾಂ ಜಗತ್ತಿನ ಅತಿ ದೊಡ್ಡ ಮೆಣಸು ರಫ್ತುದಾರನಾಯಿತು. ಕರ್ನಾಟಕದಲ್ಲಿ ಮೆಣಸು ಕಾಫಿ ತೋಟದ ಸಿಲ್ವರ್ ಓಕ್ ಮರಗಳಿಗೆ ಹಬ್ಬುವ ಉಪಬೆಳೆ; ಅಲ್ಲಿ ಸಾಲುಸಾಲು ಕಂಬ ನೆಟ್ಟು ಬೆಳೆಯುವ ಮುಖ್ಯಬೆಳೆ. ಆಸಿಯಾನ್ ಒಪ್ಪಂದದಡಿ ಅಲ್ಲಿಂದ ನೇರವಾಗಿ ಬರುವ ಮೆಣಸಿಗೆ ಭಾರತ ಶೇ 50ರ ಆಸುಪಾಸು ಸುಂಕ ಹಾಕುತ್ತದೆ. ಶ್ರೀಲಂಕಾದಿಂದ ಬಂದರೆ ಶೇ 8, ವರ್ಷಕ್ಕೆ 2,500 ಟನ್ನಿನವರೆಗೆ ಏನೂ ಇಲ್ಲ. ಇಷ್ಟು ದೊಡ್ಡ ಅಂತರ ಇಟ್ಟ ಮೇಲೆ ಕೊಲಂಬೊ ಬಂದರಿನಲ್ಲಿ ವಿಯೆಟ್ನಾಂ ಮೆಣಸು ತನ್ನ ಹುಟ್ಟೂರನ್ನು ಮರೆಯುವುದರಲ್ಲಿ ಆಶ್ಚರ್ಯವಿಲ್ಲ. ಬೆಳೆಗಾರರ ಒತ್ತಾಯದ ಮೇಲೆ ಕೇಂದ್ರ ಸರ್ಕಾರ 2017ರ ಡಿಸೆಂಬರ್‌ನಲ್ಲಿ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಗೊತ್ತುಮಾಡಿತು, ಮರುವರ್ಷ ಮಾರ್ಚಿನಲ್ಲಿ ಅದಕ್ಕಿಂತ ಕಡಿಮೆ ಬೆಲೆಯ ಆಮದನ್ನೇ ನಿಷೇಧಿಸಿತು.

ಈ ಗದ್ದಲದಲ್ಲಿ ಇಲ್ಲಿ ಯಾರೂ ಹೆಚ್ಚು ಗಮನಿಸದ ಸಂಗತಿಯೊಂದಿದೆ: ವಿಯೆಟ್ನಾಮಿನ ಮೆಣಸು ರೈತನೂ ಆಗ ಮುಳುಗುತ್ತಿದ್ದ. 2015ರಲ್ಲಿ ಕಿಲೋಗೆ ಎರಡು ಲಕ್ಷ ಡಾಂಗ್ ದಾಟಿದ್ದ ಬೆಲೆ 2020ರ ಹೊತ್ತಿಗೆ 40 ಸಾವಿರದ ಕೆಳಗೆ ಇಳಿಯಿತು. ಜಾ ಲಾಯ್ ಪ್ರಾಂತ್ಯದ ಚು ಸೆ ಸುತ್ತಮುತ್ತ ರೋಗಕ್ಕೆ ಬಳ್ಳಿಗಳು ಸಾಮೂಹಿಕವಾಗಿ ಸತ್ತವು, ಸಾಲ ತೀರಿಸಲಾಗದೆ ಜನ ನಗರಗಳಿಗೆ ಕೂಲಿಗೆ ಹೋದರು.

ಗೇರು ಮತ್ತೊಂದು ಬಗೆ. ಹೊರಗಿನಿಂದ ಬೀಜ ತಂದು, ಸುಲಿದು, ತಿರುಳನ್ನು ಹೊರಕ್ಕೆ ಮಾರುವ ಉದ್ಯಮವನ್ನು ಜಗತ್ತಿಗೆ ತೋರಿಸಿಕೊಟ್ಟವು ಕೊಲ್ಲಂ ಮತ್ತು ಮಂಗಳೂರು. ಪೂರ್ವ ಆಫ್ರಿಕಾದ ಬೀಜ ಇಲ್ಲಿಗೆ ಬಂದು, ಕರಾವಳಿಯ ಹೆಂಗಸರ ಕೈಯಲ್ಲಿ ಒಡೆದು, ಅಮೆರಿಕಕ್ಕೆ ಹೋಗುತ್ತಿತ್ತು. ಅದೇ ಪಾಠವನ್ನು ವಿಯೆಟ್ನಾಂ ಯಂತ್ರಗಳ ಮೂಲಕ ಒಪ್ಪಿಸಿತು. ಕೈಯಿಂದ ಒಡೆಯುವ ಕೆಲಸಕ್ಕೆ ಜನ ಸಿಗದಾದಾಗ ಅಲ್ಲಿನ ಉದ್ಯಮಿಗಳು ಸ್ಥಳೀಯವಾಗಿ ತಯಾರಾದ ಸುಲಿಯುವ ಯಂತ್ರಗಳಿಗೆ ಹೊರಳಿದರು. 2006ರಲ್ಲಿ ತಿರುಳಿನ ರಫ್ತಿನಲ್ಲಿ ಭಾರತವನ್ನು ಹಿಂದಿಕ್ಕಿದರು. 2024ರಲ್ಲಿ ಆ ರಫ್ತು 4 ಶತಕೋಟಿ ಡಾಲರ್ ಮೀರಿತು. ಆದರೆ ಬೀಜದ ಬಹುಪಾಲು ಕಾಂಬೋಡಿಯಾ, ಐವರಿ ಕೋಸ್ಟ್ ಮೊದಲಾದ ದೇಶಗಳದ್ದು. ಉಳಿಯುವುದು ಸುಲಿಯುವ ಕೂಲಿ ಮತ್ತು ಯಂತ್ರದ ಜಾಣತನ. ಈಗ ಐವರಿ ಕೋಸ್ಟ್ ತಾನೇ ಸುಲಿಯಲು ಹೊರಟಿದೆ.

ಫೋನಿನ ವಿಷಯದಲ್ಲಿ ಅಂಕಿಗಳು ತೀರ ದೊಡ್ಡವು, ಉಳಿಕೆ ತೀರ ತೆಳು. 2008ರಲ್ಲಿ ಸ್ಯಾಮ್‌ಸಂಗ್ ಹನೋಯ್ ಪಕ್ಕದ ಬಾಕ್ ನಿನ್‌ನಲ್ಲಿ ಕಾರ್ಖಾನೆಗೆ ಅನುಮತಿ ಪಡೆಯಿತು. ಮುಂದೆ ಥಾಯ್ ನುಯೆನ್‌ನಲ್ಲೂ ಕಟ್ಟಿತು. ಈಗ ಆ ಕಂಪನಿಯ ಸ್ಮಾರ್ಟ್‌ಫೋನುಗಳಲ್ಲಿ ಅರ್ಧದಷ್ಟು ವಿಯೆಟ್ನಾಮಿನವು. 2024ರಲ್ಲಿ ಕಂಪ್ಯೂಟರ್ ಮತ್ತು ಎಲೆಕ್ಟ್ರಾನಿಕ್ ಸರಕು 72 ಶತಕೋಟಿ, ಫೋನು ಮತ್ತು ಬಿಡಿಭಾಗ 54 ಶತಕೋಟಿ ಡಾಲರ್ ರಫ್ತಾದವು. ಪಕ್ಕದ ಕಾಲಮ್ಮಿನಲ್ಲಿ ಕಂಪ್ಯೂಟರ್, ಎಲೆಕ್ಟ್ರಾನಿಕ್ ಬಿಡಿಭಾಗಗಳ ಆಮದೇ 107 ಶತಕೋಟಿ. ಒಟ್ಟು ರಫ್ತಿನಲ್ಲಿ ಸುಮಾರು ಶೇ 72 ವಿದೇಶಿ ಬಂಡವಾಳದ ಕಂಪನಿಗಳದ್ದು. ಆ ವರ್ಷ ಇವು 50 ಶತಕೋಟಿ ಡಾಲರ್ ವ್ಯಾಪಾರ ಮಿಗತೆ ತೋರಿಸಿದರೆ, ದೇಶೀಯ ಕಂಪನಿಗಳು 25 ಶತಕೋಟಿಯ ಕೊರತೆ ತೋರಿಸಿದವು. ಒಂದೇ ಧ್ವಜದಡಿ ಎರಡು ಅರ್ಥವ್ಯವಸ್ಥೆಗಳು! ಕೃಷಿ, ಅರಣ್ಯ, ಮೀನುಗಾರಿಕೆ ಸೇರಿ ಮಾಡಿದ ರಫ್ತು 62 ಶತಕೋಟಿ ಮಾತ್ರ. ಆದರೆ ಅದರಲ್ಲಿ 18 ಶತಕೋಟಿಯಷ್ಟು ಮಿಗತೆ ಇತ್ತು, ಮತ್ತು ಅದು ಬಹುಮಟ್ಟಿಗೆ ದೇಶದವರ ಕೈಯಲ್ಲೇ ಉಳಿಯುವಂಥದ್ದು.

ಹಾಗೆಂದು ಜೋಡಣೆ ಕೆಲಸವನ್ನು ಹೀಗಳೆಯುವುದು ಸುಲಭ, ನ್ಯಾಯವಲ್ಲ. 1993ರಲ್ಲಿ ಶೇ 58 ಜನ ಬಡತನ ರೇಖೆಯ ಕೆಳಗಿದ್ದ ದೇಶವದು. ಹಳ್ಳಿಯ ಹುಡುಗಿಯರಿಗೆ ತಿಂಗಳ ಸಂಬಳ, ವಿಮೆ, ನಗರದ ಬದುಕು ಸಿಕ್ಕಿದ್ದು ಹೊಲಿಗೆ, ಶೂ, ಫೋನು ಕಾರ್ಖಾನೆಗಳಲ್ಲಿ. ಆ ಕೆಲಸಕ್ಕೆ ಬೇಕಾದ ಓದುಬರಹವನ್ನು ಸರ್ಕಾರಿ ಶಾಲೆಗಳು ಕೊಟ್ಟಿದ್ದವು: 2012ರ ಪಿಸಾ ಎಂಬ ಅಂತರರಾಷ್ಟ್ರೀಯ ಶಾಲಾ ಪರೀಕ್ಷೆಯಲ್ಲಿ ವಿಯೆಟ್ನಾಂ ಮಕ್ಕಳು ವಿಜ್ಞಾನದಲ್ಲಿ ಎಂಟನೇ ಸ್ಥಾನ ಪಡೆದು ಹಲವು ಶ್ರೀಮಂತ ದೇಶಗಳನ್ನು ಹಿಂದೆ ಹಾಕಿದರು. ಕೋಲಾರದ ನರಸಾಪುರದಲ್ಲೂ ದೇವನಹಳ್ಳಿಯಲ್ಲೂ ಈಗ ಐಫೋನ್ ಜೋಡಣೆ ನಡೆಯುತ್ತಿದೆ. ಅವುಗಳಿಂದ ಎಷ್ಟು ರಫ್ತಾಯಿತು ಎಂಬ ಸುದ್ದಿ ಬಂದಾಗಲೆಲ್ಲ ವಿಯೆಟ್ನಾಮಿನ ಲೆಕ್ಕದ ಆ ಆಮದು ಕಾಲಮ್ಮನ್ನು ನೆನೆಯುವುದು ಒಳ್ಳೆಯದು.

ವಿಯೆಟ್ನಾಂ ಈ ಸ್ಥಾನಕ್ಕೆ ಒಪ್ಪಂದಗಳ ಮೆಟ್ಟಿಲು ಹತ್ತಿ ಬಂದಿದೆ: 1994ರಲ್ಲಿ ಅಮೆರಿಕದ ದಿಗ್ಬಂಧನ ತೆರವು, 1995ರಲ್ಲಿ ಆಸಿಯಾನ್, 2001ರಲ್ಲಿ ಅಮೆರಿಕದೊಂದಿಗೆ ವ್ಯಾಪಾರ ಒಪ್ಪಂದ, 2007ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ, 2020ರಲ್ಲಿ ಯುರೋಪ್ ಒಕ್ಕೂಟ. ಮಾಜಿ ಶತ್ರುವೇ ಅತಿ ದೊಡ್ಡ ಗಿರಾಕಿಯಾದ. 2024ರಲ್ಲಿ ಅಮೆರಿಕಕ್ಕೆ ಹೋದ ಸರಕು ಸುಮಾರು 119 ಶತಕೋಟಿ ಡಾಲರ್. ಚೀನಾದಿಂದ ಬಂದದ್ದು 144 ಶತಕೋಟಿ.

2025ರಲ್ಲಿ ಟ್ರಂಪ್ ಆಡಳಿತದ ಕಣ್ಣು ಬಿದ್ದದ್ದು ಈ ಎರಡು ಅಂಕಿಗಳ ನಡುವಿನ ದಾರಿಯ ಮೇಲೆ. ಏಪ್ರಿಲ್ 2ರಂದು ಶೇ 46 ಸುಂಕ ಘೋಷಣೆಯಾಯಿತು. ಜುಲೈ ಮಾತುಕತೆಯ ನಂತರ ಅದು ಶೇ 20ಕ್ಕೆ ಇಳಿಯಿತು, ಆದರೆ ಬೇರೆ ದೇಶದ ಸರಕನ್ನು ವಿಯೆಟ್ನಾಂ ಹೆಸರಿನಲ್ಲಿ ಸಾಗಿಸಿದರೆ ಶೇ 40 ಎಂಬ ಷರತ್ತು ಸೇರಿಕೊಂಡಿತು. ಕೊಡಗಿನ ಬೆಳೆಗಾರರು ಕೊಲಂಬೊ ಮೆಣಸಿನ ಬಗ್ಗೆ ಕೇಳಿದ್ದ, ಇದು ನಿಜಕ್ಕೂ ಎಲ್ಲಿಯದು ಎಂಬ ಪ್ರಶ್ನೆಯೇ ಇದು, ಈಗ ವಾಷಿಂಗ್ಟನ್ನಿನ ಬಾಯಲ್ಲಿ. ಆದರೆ ಸುಂಕದ ಭಾರ ಹಂಚಿಹೋದ ಬಗೆ ಬೇರೆಯೇ. ಫೋನು, ಕಂಪ್ಯೂಟರುಗಳಿಗೆ ಏಪ್ರಿಲ್‌ನಲ್ಲೇ ವಿನಾಯಿತಿ ಸಿಕ್ಕಿತ್ತು. ಅಮೆರಿಕದ ಗ್ರಾಹಕರಿಗೆ ಕಾಫಿ ಬಿಸಿ ತಟ್ಟಿದ ಮೇಲೆ ನವೆಂಬರ್‌ನಲ್ಲಿ ಅದನ್ನೂ ಬಿಟ್ಟರು. ಆ ವರ್ಷದ ಕೊನೆಗೆ ಶೇ 20ರ ಹೊರೆ ಹೊತ್ತು ಉಳಿದವು ಬಟ್ಟೆ, ಶೂ ಮೊದಲಾದ ಸರಕುಗಳು: ಹೆಚ್ಚು ಕೈಗಳಿಗೆ ಕೆಲಸ ಕೊಡುವ, ಲಾಭದ ಅಂಚು ತೀರ ಕಿರಿದಾದ ಕಾರ್ಖಾನೆಗಳವು.