ಹೆಸರಿಟ್ಟವರ ನಂಬಿಕೆ, ಹೊತ್ತವರ ಪಾಡು: ಪ್ಯೂರಿಟನ್ ಕಥನದಲ್ಲಿ ನಾಮವ್ಯಂಗ್ಯ

1580ರ ದಶಕದಲ್ಲಿ ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ವಾರ್ಬಲ್ಟನ್ ಹಳ್ಳಿಯಲ್ಲಿ ಥಾಮಸ್ ಹೀಲಿ ಎಂಬ ಪಾದ್ರಿಯಿದ್ದ. ತನ್ನ ಒಂದು ಮಗುವಿಗೆ ಅವನಿಟ್ಟ ಹೆಸರು ‘ಮಚ್ ಮರ್ಸಿ’, ಅಂದರೆ ಅಪಾರ ಕರುಣೆ. ಇನ್ನೊಂದಕ್ಕೆ ‘ಸಿನ್ ಡಿನೈ’, ಪಾಪವನ್ನು ನಿರಾಕರಿಸು. ಇಂಗ್ಲೆಂಡಿನ ಚರ್ಚನ್ನು ಶುದ್ಧಗೊಳಿಸಹೊರಟ ಕಟ್ಟಾ ಪ್ರೊಟೆಸ್ಟಂಟರೇ ಪ್ಯೂರಿಟನ್ನರು; ಸಂತರ ಹೆಸರಿಡುವ ಕ್ಯಾಥೊಲಿಕ್ ರೂಢಿಯನ್ನು ಒಲ್ಲದ ಅವರಲ್ಲಿ ಕೆಲವರು ಮಗುವಿನ ಹೆಸರನ್ನೇ ಉಪದೇಶವಾಗಿಸಿದರು. 1620ರಲ್ಲಿ ಅಮೆರಿಕಕ್ಕೆ ಹೊರಟ ಮೇಫ್ಲವರ್ ಹಡಗು ಹತ್ತಿದ ಬ್ರೂಸ್ಟರ್ ಕುಟುಂಬದ ಇಬ್ಬರು ಹುಡುಗರು ‘ಲವ್’ ಮತ್ತು ‘ರೆಸ್ಲಿಂಗ್’: ಒಬ್ಬ ಪ್ರೀತಿ, ಇನ್ನೊಬ್ಬ ಸೆಣಸಾಟ. ಮಗು ದೊಡ್ಡದಾದ ಮೇಲೆ ಹೆಸರಿಗೆ ತಕ್ಕಂತೆ ಬಾಳದಿದ್ದರೆ?

ಈ ಪ್ರಶ್ನೆಯನ್ನು ಮೊದಲು ಚೆನ್ನಾಗಿ ಬಳಸಿಕೊಂಡವರು ಲಂಡನ್ನಿನ ನಾಟಕಕಾರರು. ನಾಟಕಶಾಲೆಗಳನ್ನು ಪಾಪದ ಗೂಡುಗಳೆಂದು ಹಳಿಯುತ್ತಿದ್ದ ಪ್ಯೂರಿಟನ್ನರ ಮೇಲೆ ಅವರಿಗೆ ಸಿಟ್ಟಿತ್ತು. ಬೆನ್ ಜಾನ್ಸನ್‌ನ ‘ಬಾರ್ಥಲೋಮ್ಯೂ ಫೇರ್’ (1614) ನಾಟಕದ ಝೀಲ್-ಆಫ್-ದಿ-ಲ್ಯಾಂಡ್ ಬಿಸಿ ಹೆಸರಿನಲ್ಲೇ ನಾಡಿನ ಧರ್ಮಶ್ರದ್ಧೆಯನ್ನು ಹೊತ್ತವನು. ತಾನು ಸುಟ್ಟ ಕೇಕುಗಳು ಮದುವೆ, ಕುಣಿತಗಳಲ್ಲಿ ಬಳಕೆಯಾಗುತ್ತವೆಂದು ಬೇಕರಿಯ ಕಸುಬನ್ನೇ ಬಿಟ್ಟವನು. ಅಂಥವನು ಜಾತ್ರೆಯಲ್ಲಿ ಹಂದಿಮಾಂಸ ತಿನ್ನಲು ಶಾಸ್ತ್ರದ ಸಮರ್ಥನೆ ಹುಡುಕಿ, ಹೊಟ್ಟೆ ಬಿರಿಯುವಂತೆ ತಿನ್ನುತ್ತಾನೆ. ಇಲ್ಲಿ ಹೆಸರು ಮುಖವಾಡ, ವ್ಯಂಗ್ಯದ ಗುರಿ ಅದನ್ನು ತೊಟ್ಟವನು. ಪರಿಣಾಮಕಾರಿ ತಂತ್ರ ನಿಜ, ಆದರೆ ಮುಖವಾಡ ಕಳಚಿದ ಮೇಲೆ ಅದಕ್ಕೆ ಮುಂದೆ ಹೋಗಲು ದಾರಿಯಿಲ್ಲ.

ಸ್ವತಃ ಪ್ಯೂರಿಟನ್ ಆಗಿದ್ದ ಜಾನ್ ಬನ್ಯನ್ 1678ರ ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ನಲ್ಲಿ ಈ ವ್ಯಂಗ್ಯವನ್ನು ಬಹುಮಟ್ಟಿಗೆ ಕೈಬಿಟ್ಟ. 19ನೇ ಶತಮಾನದಲ್ಲೇ ‘ಯಾತ್ರಿಕನ ಸಂಚಾರ’ವಾಗಿ ಕನ್ನಡಕ್ಕೆ ಬಂದ ಈ ಕೃತಿಯಲ್ಲಿ ಫೇತ್‌ಫುಲ್ ಎಂಬವನು ಹೆಸರಿನಂತೆಯೇ ಕೊನೆಯುಸಿರಿನವರೆಗೂ ನಿಷ್ಠನೇ.

ವ್ಯಂಗ್ಯದ ದಿಕ್ಕನ್ನೇ ಬದಲಿಸಿದವನು ಅಮೆರಿಕದ ಕಥೆಗಾರ ನಥಾನಿಯಲ್ ಹಾಥಾರ್ನ್. ಅವನ ‘ಯಂಗ್ ಗುಡ್‌ಮನ್ ಬ್ರೌನ್’ ಕಥೆ (1835) ನಡೆಯುವುದು ಮ್ಯಾಸಚೂಸೆಟ್ಸಿನ ಸೇಲಂನಲ್ಲಿ. ನಾಯಕ ಮದುವೆಯಾಗಿ ಮೂರು ತಿಂಗಳಾದವನು, ಹೆಂಡತಿಯ ಹೆಸರು ಫೇತ್, ಅಂದರೆ ಶ್ರದ್ಧೆ. ಅವಳನ್ನು ಬಿಟ್ಟು ಅವನು ಒಂದು ರಾತ್ರಿ ಕಾಡಿಗೆ ಹೋಗುತ್ತಾನೆ. ಅಲ್ಲಿ ಸೈತಾನನ ಕೂಟದಲ್ಲಿ ಊರಿನ ಧರ್ಮಿಷ್ಠರನ್ನೆಲ್ಲ ಕಾಣುತ್ತಾನೆ, ಕಡೆಗೆ ಫೇತ್‌ಳನ್ನೂ. ಅದು ಕನಸೋ ನಿಜವೋ ಕಥೆ ಹೇಳುವುದಿಲ್ಲ. ಬೆಳಿಗ್ಗೆ ಅವಳು ಸಂತೋಷದಿಂದ ಬೀದಿಗೆ ಓಡಿಬಂದರೆ ಇವನು ಮಾತೂ ಆಡದೆ ಮುಂದೆ ಸಾಗುತ್ತಾನೆ. ಜಾನ್ಸನ್‌ನಲ್ಲಾದರೆ ಹೆಸರು ಹೊತ್ತವನೇ ಸುಳ್ಳ. ಇಲ್ಲಿ ಫೇತ್ ತಪ್ಪು ಮಾಡಿದಳೆನ್ನಲು ಗಂಡನ ದೃಷ್ಟಿಯ ಹೊರಗೆ ಯಾವ ಆಧಾರವೂ ಇಲ್ಲ. ಅವಳು ಜೀವನಪೂರ್ತಿ ಅವನ ಮನೆಯಲ್ಲೇ ಇರುತ್ತಾಳೆ, ಅವನಿಗೆ ಮಾತ್ರ ದಕ್ಕುವುದಿಲ್ಲ.

ಈ ತಿರುವಿನ ಹಿಂದೆ ಮನೆತನದ ನೆನಪಿದೆ. ಹಾಥಾರ್ನ್‌ನ ಪೂರ್ವಜ ಜಾನ್ ಹಾಥಾರ್ನ್ 1692ರ ಸೇಲಂ ಮಾಟಗಾತಿ ವಿಚಾರಣೆಯಲ್ಲಿ ಆರೋಪಿಗಳನ್ನು ಪ್ರಶ್ನಿಸಿದ ನ್ಯಾಯಾಧಿಕಾರಿ. ‘ಇವಳ ಛಾಯಾರೂಪ ಬಂದು ನನ್ನನ್ನು ಹಿಂಸಿಸಿತು’ ಎಂಬ ಮಾತು ಆ ನ್ಯಾಯಾಲಯಕ್ಕೆ ಸಾಕ್ಷ್ಯವಾಗಿತ್ತು. ಬ್ರೌನ್ ಹೆಂಡತಿಗೆ ತೀರ್ಪು ಕೊಡುವುದೂ ಇಂಥದೇ ಸಾಕ್ಷ್ಯದ ಮೇಲೆ ಎಂದು ವಿಮರ್ಶಕ ಡೇವಿಡ್ ಲೆವಿನ್ 1962ರಲ್ಲಿ ವಾದಿಸಿದರು. ಕಥೆಯ ಹೆಸರುಗಳು ಈ ಓದನ್ನು ಬಲಪಡಿಸುತ್ತವೆ: ಬ್ರೌನ್ ಕಾಡಿನಲ್ಲಿ ಕಂಡ ಮಾರ್ಥಾ ಕ್ಯಾರಿಯರ್ 1692ರಲ್ಲಿ ನಿಜವಾಗಿ ಗಲ್ಲಿಗೇರಿದವಳು. ‘ಗುಡ್‌ಮನ್’ ಎಂಬುದೂ ಆ ಕಾಲದ ಸಾಮಾನ್ಯ ಗೃಹಸ್ಥನಿಗೆ ಸಲ್ಲುತ್ತಿದ್ದ ಸಂಬೋಧನೆ. ಆ ಸಾಧಾರಣ ಕರೆಗೂ ಹಾಥಾರ್ನ್ ಸದ್ಗುಣದ ಭಾರ ಹೊರಿಸಿದ.

ಕಲ್ಪಿಸಬೇಕಾದ ಅಗತ್ಯವೇ ಇಲ್ಲದ ಹೆಸರೊಂದು ಸೇಲಂನ ಕಡತಗಳಲ್ಲೇ ಇತ್ತು. ಆರೋಪ ಹೊರಿಸಿದ ಹುಡುಗಿಯರಲ್ಲಿ ಒಬ್ಬಳು ಮರ್ಸಿ ಲೂಯಿಸ್: ಮೇನ್ ಗಡಿಯ ಕಾಳಗದಲ್ಲಿ ತಂದೆತಾಯಿಯರನ್ನು ಕಳೆದುಕೊಂಡು ಪಟ್ನಮ್ ಎಂಬ ಕುಟುಂಬದ ಮನೆಯಲ್ಲಿ ಕೆಲಸಕ್ಕಿದ್ದವಳು. ಆರ್ಥರ್ ಮಿಲ್ಲರ್ ‘ದಿ ಕ್ರೂಸಿಬಲ್’ (1953) ನಾಟಕದಲ್ಲಿ ಅವಳನ್ನು ಹೆಸರು ಬದಲಿಸದೆ ತಂದು ಕರುಣೆಯಿಲ್ಲದವಳಾಗಿ ಚಿತ್ರಿಸಿದ. ರಂಗದ ಮೇಲೆ ಅದು ಕೆಲಸ ಮಾಡುತ್ತದೆ, ಆದರೆ ಅನಾಥೆಯಾದ ಆ ಹುಡುಗಿಗೆ ನ್ಯಾಯ ಸಲ್ಲಿಸುವುದಿಲ್ಲ; ಹಾಥಾರ್ನ್ ದಾಟಿಬಂದಿದ್ದ ಜಾನ್ಸನ್‌ನ ದಾರಿಗೇ ಮಿಲ್ಲರ್ ಇಲ್ಲಿ ಮರಳಿದ್ದಾನೆ.