ಮೂತ್ರಪಿಂಡದ ಕಲ್ಲು ಮತ್ತು ಕ್ಯಾಲ್ಸಿಯಂ ಪಥ್ಯ: ಪಾರ್ಮಾ ಪ್ರಯೋಗದ ಮರುಪರಿಶೀಲನೆ

ಮೂತ್ರಪಿಂಡದಲ್ಲಿ ಕಲ್ಲಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ತಿಳಿದ ಕೂಡಲೇ ನಮ್ಮ ಮನೆಗಳಲ್ಲಿ ಹಾಲು-ಮೊಸರು ನಿಂತುಹೋಗುತ್ತದೆ. ಬಹುಪಾಲು ಕಲ್ಲುಗಳು ಕ್ಯಾಲ್ಸಿಯಂ ಆಕ್ಸಲೇಟಿನವು; ಹಾಗಾಗಿ ಊಟದಲ್ಲಿ ಕ್ಯಾಲ್ಸಿಯಂ ತಗ್ಗಿಸಿದರೆ ಕಲ್ಲೂ ತಗ್ಗೀತು ಎಂಬುದು ಈ ಪಥ್ಯದ ತರ್ಕ. ಬಹುಕಾಲ ವೈದ್ಯರೂ ಇದನ್ನೇ ಹೇಳಿದರು. ಈ ಸಲಹೆಗೆ ಈಗ ಆಧಾರವಿಲ್ಲ ಎಂಬುದು ಪ್ರಸ್ತುತ ಲೇಖನದ ವಾದ.

ಮೊದಲ ಗಂಭೀರ ಸಂದೇಹ ಎದ್ದದ್ದು 1993ರಲ್ಲಿ. ಅಮೆರಿಕದ ಗ್ಯಾರಿ ಕರ್ಹಾನ್ ಮತ್ತು ಸಂಗಡಿಗರು ಅದುವರೆಗೆ ಕಲ್ಲಾಗದ 45,619 ಪುರುಷರನ್ನು ನಾಲ್ಕು ವರ್ಷ ಗಮನಿಸಿದರು. ಆಹಾರದಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದವರಲ್ಲೇ ಕಲ್ಲು ಕಡಿಮೆ ಕಂಡಿತು. ಆದರೆ ಅದು ವೀಕ್ಷಣೆ ಮಾತ್ರ. 2002ರಲ್ಲಿ ಇಟಲಿಯ ಪಾರ್ಮಾದ ಲೋರಿಸ್ ಬೋರ್ಗಿ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ಅದಕ್ಕಿಂತ ಗಟ್ಟಿ. ಪದೇ ಪದೇ ಕಲ್ಲಾಗುತ್ತಿದ್ದ, ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚಾಗಿ ಹೋಗುತ್ತಿದ್ದ 120 ಪುರುಷರನ್ನು ಅವರು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆ ಸುಮಾರು 400 ಮಿಲಿಗ್ರಾಂ ಕ್ಯಾಲ್ಸಿಯಂ. ಇನ್ನೊಂದಕ್ಕೆ 1,200 ಮಿಲಿಗ್ರಾಂ, ಜೊತೆಗೆ ಉಪ್ಪು ಮತ್ತು ಪ್ರಾಣಿಜನ್ಯ ಪ್ರೋಟೀನಿನ ಮಿತಿ. ಐದು ವರ್ಷಗಳಲ್ಲಿ ಮೊದಲ ಗುಂಪಿನ 60 ಮಂದಿಯಲ್ಲಿ 23 ಜನರಿಗೆ ಕಲ್ಲು ಮರುಕಳಿಸಿತು, ಎರಡನೆಯದರಲ್ಲಿ 12 ಜನರಿಗೆ.

ಕಾರಣ ಕರುಳಿನಲ್ಲಿದೆ. ಊಟದ ಕ್ಯಾಲ್ಸಿಯಂ ಅಲ್ಲೇ ಆಕ್ಸಲೇಟನ್ನು ಕಟ್ಟಿಹಾಕಿ ಮಲದೊಡನೆ ಹೊರಗೆ ಕಳಿಸುತ್ತದೆ. ಕ್ಯಾಲ್ಸಿಯಂ ಇಲ್ಲದಿದ್ದರೆ ಬಿಡಿಯಾಗಿ ಉಳಿದ ಆಕ್ಸಲೇಟ್ ರಕ್ತಕ್ಕೆ ಸೇರಿ ಮೂತ್ರಕ್ಕೆ ಇಳಿಯುತ್ತದೆ. ಪಾರ್ಮಾದಲ್ಲಿ ಎರಡೂ ಗುಂಪುಗಳ ಮೂತ್ರದ ಕ್ಯಾಲ್ಸಿಯಂ ತಗ್ಗಿತು. ಆಕ್ಸಲೇಟ್ ಮಾತ್ರ ಕಡಿಮೆ ಕ್ಯಾಲ್ಸಿಯಂ ಉಂಡವರಲ್ಲಿ ಏರಿತು, ಉಳಿದವರಲ್ಲಿ ಇಳಿಯಿತು.

ಈ ಫಲಿತಾಂಶವನ್ನು ಇದ್ದುದಕ್ಕಿಂತ ದೊಡ್ಡದು ಮಾಡಬಾರದು. ಅಲ್ಲಿ ಮಹಿಳೆಯರಿರಲಿಲ್ಲ; ಮೂರು ಅಂಶಗಳು ಒಟ್ಟಿಗೆ ಬದಲಾದ್ದರಿಂದ ಶ್ರೇಯವೆಲ್ಲ ಕ್ಯಾಲ್ಸಿಯಂಗೆ ಸಲ್ಲದು. ನನ್ನ ದೃಷ್ಟಿಯಲ್ಲಿ ಉಪ್ಪಿನ ಪಾಲು ದೊಡ್ಡದು. ಸೋಡಿಯಂ ಮೂತ್ರಕ್ಕೆ ಹೋಗುವಾಗ ಕ್ಯಾಲ್ಸಿಯಂ ಅನ್ನೂ ಎಳೆದೊಯ್ಯುತ್ತದೆ: ಸುಮಾರು 6 ಗ್ರಾಂ ಉಪ್ಪು ಹೆಚ್ಚಿದರೆ ಮೂತ್ರದ ಕ್ಯಾಲ್ಸಿಯಂ ಸುಮಾರು 40 ಮಿಲಿಗ್ರಾಂ ಏರುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯನ್ನು ಹಾಗೇ ಉಳಿಸಿಕೊಂಡು ಮೊಸರನ್ನು ಮಾತ್ರ ದೂರವಿಡುವ ಪಥ್ಯ ಹಾಗಾಗಿ ತಲೆಕೆಳಗಾದುದು. ರಾಗಿಯ ವಿಷಯ ಇಷ್ಟು ಸರಳವಲ್ಲ. ಅದರಲ್ಲಿ ಕ್ಯಾಲ್ಸಿಯಂ ಹೇರಳ, ಆದರೆ ಆಕ್ಸಲೇಟೂ ಇದೆ; ಹಾಲಿನ ಲೆಕ್ಕವನ್ನು ಅದಕ್ಕೆ ಹಾಗೆಯೇ ಹಚ್ಚಲಾಗದು. ಪಾಲಕ್, ದಂಟಿನ ಸೊಪ್ಪು ತಿನ್ನುವ ದಿನ ಅದೇ ಊಟದಲ್ಲಿ ಮಜ್ಜಿಗೆಯೋ ಮೊಸರೋ ಇರುವುದು ಒಳ್ಳೆಯದು. ಕ್ಯಾಲ್ಸಿಯಂ ಮಾತ್ರೆ ನುಂಗುವವರೂ ಅದನ್ನು ಬರಿಹೊಟ್ಟೆಯಲ್ಲಿ ತೆಗೆದುಕೊಳ್ಳದೆ ಊಟದೊಡನೆ ತೆಗೆದುಕೊಳ್ಳಬೇಕು.

ಇರುವ ಕಲ್ಲನ್ನು ತೆಗೆಯುವ ವಿದ್ಯೆ ಬಹಳ ಮುಂದುವರಿದಿದೆ. 5 ಮಿಲಿಮೀಟರಿನೊಳಗಿನ ಕಲ್ಲುಗಳಲ್ಲಿ ಹೆಚ್ಚಿನವು ತಾವಾಗಿಯೇ ಹೊರಬೀಳುತ್ತವೆ. 1976ರಲ್ಲಿ ಸ್ವೀಡನ್ನಿನಲ್ಲಿ ಬೆನ್ನಿನ ಕಡೆಯಿಂದ ಸಣ್ಣ ರಂಧ್ರ ಮಾಡಿ ಕಲ್ಲು ತೆಗೆಯುವ ಕ್ರಮವನ್ನು ವರದಿ ಮಾಡಿದರು. 20 ಮಿಲಿಮೀಟರ್ ಮೀರಿದವಕ್ಕೆ ಇಂದಿಗೂ ಅದೇ ಮೊದಲ ಆಯ್ಕೆ. 1980ರ ಫೆಬ್ರವರಿಯಲ್ಲಿ ಮ್ಯೂನಿಕ್‌ನಲ್ಲಿ ಕ್ರಿಶ್ಚಿಯನ್ ಶೌಸಿ ತಂಡ ಆಘಾತ ತರಂಗಗಳಿಂದ ಮೊದಲ ರೋಗಿಯ ಕಲ್ಲು ಪುಡಿಮಾಡಿತು. ಯೂರಿಕ್ ಆಮ್ಲದ ಕಲ್ಲನ್ನು ಪೊಟ್ಯಾಸಿಯಂ ಸಿಟ್ರೇಟಿನಿಂದ ಕರಗಿಸಲೂಬಹುದು. ಕಲ್ಲು ದಾರಿ ಕಟ್ಟಿದಾಗ ಚಳಿಜ್ವರವೂ ಬಂದರೆ ಮಾತ್ರ ತಡಮಾಡುವಂತಿಲ್ಲ. ಸೋಂಕು ರಕ್ತಕ್ಕೆ ಏರಿ ಜೀವಕ್ಕೇ ಕುತ್ತಾಗಬಹುದು.

ಆದರೆ ಈ ಯಾವ ವಿಧಾನವೂ ಮೂತ್ರದ ಗುಣವನ್ನು ಶಾಶ್ವತವಾಗಿ ಬದಲಿಸದು. ಬೋರ್ಗಿಯವರದೇ 1996ರ ಅಧ್ಯಯನದಲ್ಲಿ ಮೊದಲ ಕಲ್ಲಿನ ಬಳಿಕ ದಿನಕ್ಕೆ 2 ಲೀಟರಿಗಿಂತ ಹೆಚ್ಚು ಮೂತ್ರವಾಗುವಷ್ಟು ನೀರು ಕುಡಿದವರಲ್ಲಿ ಐದು ವರ್ಷಕ್ಕೆ ಶೇ. 12 ಮಂದಿಗೆ, ಕುಡಿಯದವರಲ್ಲಿ ಶೇ. 27 ಮಂದಿಗೆ ಕಲ್ಲು ಮತ್ತೆ ಬಂತು. ಆದ್ದರಿಂದ ಹೊರಬಂದ ಕಲ್ಲನ್ನು ಎಸೆಯದೆ ಪ್ರಯೋಗಾಲಯಕ್ಕೆ ಕಳಿಸಬೇಕು. ಪದೇ ಪದೇ ಕಲ್ಲಾಗುವವರಿಗೆ 24 ಗಂಟೆಯ ಮೂತ್ರ ಸಂಗ್ರಹಿಸಿ ಕ್ಯಾಲ್ಸಿಯಂ, ಆಕ್ಸಲೇಟ್, ಸಿಟ್ರೇಟ್, ಸೋಡಿಯಂ ಅಳೆಯಬೇಕು. ಪಥ್ಯವನ್ನು ಬರೆದುಕೊಡಬೇಕಾದದ್ದು ಆ ವರದಿ ಕೈಗೆ ಬಂದ ಮೇಲೆ.