ಕಾಡಂಚಿನ ಜಮೀನುಗಳಲ್ಲಿ ಲಂಟಾನ ನಿರ್ವಹಣೆ ಮತ್ತು ನಾಡಗಿಡಗಳ ಬೇಲಿ: ಚಾಮರಾಜನಗರ, ಗುಂಡ್ಲುಪೇಟೆ

ಬಂಡೀಪುರ ಹಾಗೂ ಬಿಳಿಗಿರಿರಂಗನ ಬೆಟ್ಟದ ಅರಣ್ಯಗಳಿಗೆ ಹೊಂದಿಕೊಂಡ ಗ್ರಾಮಗಳಲ್ಲಿ ಬದು, ಹಳ್ಳದ ದಂಡೆ ಮತ್ತು ಗೋಮಾಳಗಳನ್ನು ಲಂಟಾನ ಆವರಿಸಿರುವುದನ್ನು ತಾವು ಕಂಡಿರುತ್ತೀರಿ. ಅಮೆರಿಕದ ಉಷ್ಣವಲಯದ ಈ ಪೊದೆಯನ್ನು 19ನೇ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಕಲ್ಕತ್ತದ ಸಸ್ಯೋದ್ಯಾನಕ್ಕೆ ತರಲಾಯಿತು. ಪಿಕಳಾರ, ಗೊರವಂಕ ಮುಂತಾದ ಹಕ್ಕಿಗಳು ಹಣ್ಣು ತಿಂದು ಬೀಜ ಹರಡುತ್ತವೆ. ಇದರ ದಟ್ಟ ನೆರಳಿನಲ್ಲಿ ಹುಲ್ಲು ಬೆಳೆಯದು. ಕಾಡಿನಲ್ಲಿ ಮೇವು ಕುಗ್ಗಿದರೆ ಜಿಂಕೆ, ಆನೆಗಳು ಜಮೀನಿನತ್ತ ಬರುವ ಸಂಭವ ಹೆಚ್ಚು. ಹೊಲದ ಪಕ್ಕದ ಪೊದೆಯಂತೂ ಕಾಡುಹಂದಿಗೆ ಹಗಲಿನ ಅಡಗುತಾಣ. ಪೊದೆ ತೆಗೆದ ಮಾತ್ರಕ್ಕೆ ಆನೆ ಬರುವುದು ನಿಲ್ಲುವುದಿಲ್ಲ, ಆದರೆ ಹಂದಿಯ ಹಾವಳಿ ತಗ್ಗಿಸಲು ಇದು ಮೊದಲ ಹೆಜ್ಜೆ.

ಬೆಂಕಿ ಏಕೆ ಸಲ್ಲದು

ನೆಲದ ತರಗು ಮತ್ತು ಒಣಹುಲ್ಲನ್ನಷ್ಟೇ ಸುಡುವ ‘ತರಗು ಬೆಂಕಿ’ ನಿಂತ ಮೇಲೆ ಲಂಟಾನ ಹೆಚ್ಚಿತೆಂಬುದು ಬಿಳಿಗಿರಿರಂಗನ ಬೆಟ್ಟದ ಸೋಲಿಗ ಹಿರಿಯರ ಅಭಿಪ್ರಾಯ. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಇಂದು ಆಳೆತ್ತರ ಬೆಳೆದ ಪೊದೆಗೆ ಬೆಂಕಿಯಿಟ್ಟರೆ ಅದು ಮರದ ತಲೆಗೇರುತ್ತದೆ. ಸುಟ್ಟ ಬುಡವೋ ಮಳೆ ಬಿದ್ದೊಡನೆ ಚಿಗುರುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಅರಣ್ಯ ಸುಟ್ಟದ್ದು ಎಲ್ಲರಿಗೂ ನೆನಪಿದೆ.

ತೆಗೆಯುವ ವಿಧಾನ

ಮೇಲುಕೊಂಬೆ ಸವರುವುದು ವ್ಯರ್ಥ ಶ್ರಮ. ದೆಹಲಿ ವಿಶ್ವವಿದ್ಯಾನಿಲಯದ ಸಂಶೋಧಕರು ರೂಪಿಸಿದ ವಿಧಾನದಂತೆ ಮುಖ್ಯ ಬೇರನ್ನು ನೆಲಮಟ್ಟಕ್ಕಿಂತ 3ರಿಂದ 5 ಸೆಂ.ಮೀ. ಕೆಳಗೆ ಗುದ್ದಲಿಯಿಂದ ಕಡಿದು, ಪೊದೆಯನ್ನು ಬುಡ ಮೇಲಾಗಿ ಮಗುಚಿಡಬೇಕು. ನೆಲಕ್ಕೆ ತಾಗಿದ ಕಾಂಡ ಮತ್ತೆ ಬೇರು ಬಿಡುವುದರಿಂದ ಮಗುಚುವುದನ್ನು ಮರೆಯಬಾರದು. ಮುಂಗಾರು ಪೂರ್ವ ಮಳೆಯಿಂದ ಮಣ್ಣು ಮೆದುವಾದಾಗ, ಕಾಯಿ ಹಣ್ಣಾಗುವ ಮೊದಲೇ ಈ ಕೆಲಸ ಮುಗಿಸುವುದು ಉತ್ತಮ. ಮುಂದಿನ ಎರಡು ಮೂರು ವರ್ಷ, ಮುಖ್ಯವಾಗಿ ಹಕ್ಕಿಗಳು ಕೂರುವ ಮರಗಳ ಕೆಳಗೆ, ಹೊಸ ಸಸಿಗಳನ್ನು ಕಿತ್ತುಹಾಕಿರಿ. ಒಣಗಿದ ಕಡ್ಡಿ ಸೌದೆಗೆ ಬರುತ್ತದೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರಿಂದ ಪೀಠೋಪಕರಣ ತಯಾರಿಸುತ್ತಾರೆ.

ಜಾನುವಾರುಗಳ ಬಗ್ಗೆ ಎಚ್ಚರ

ಬರಗಾಲದಲ್ಲಿ ಹಸಿದ ದನಗಳು, ಹೊಸದಾಗಿ ಕೊಂಡುತಂದ ರಾಸುಗಳು ಲಂಟಾನ ಸೊಪ್ಪಿಗೆ ಬಾಯಿ ಹಾಕುವುದುಂಟು. ಮೇವು ಬಿಡುವುದು, ಮಲಬದ್ಧತೆ, ಕಣ್ಣು ಹಳದಿಯಾಗುವುದು, ಬಿಸಿಲಿಗೆ ಮೂತಿಯ ಚರ್ಮ ಸುಲಿಯುವುದು ವಿಷದ ಲಕ್ಷಣಗಳು. ಯಕೃತ್ತಿಗೆ ಹಾನಿಯಾಗಿ ರಾಸು ಸಾಯಬಹುದು. ಕೂಡಲೇ ನೆರಳಿಗೆ ಕಟ್ಟಿ ಪಶುವೈದ್ಯರನ್ನು ಕರೆಯಿರಿ.

ತೆರವಾದ ಜಾಗಕ್ಕೆ

ನೆಲವನ್ನು ಬರಿದಾಗಿ ಬಿಟ್ಟರೆ ಲಂಟಾನವೇ ಮರಳುತ್ತದೆ, ಇಲ್ಲವೇ ಪಾರ್ಥೇನಿಯಂ ಬರುತ್ತದೆ. ಬದುವಿಗೆ ಲಕ್ಕಿ, ಬಂದರಿಕೆ, ತಂಗಡಿ ಹಾಗೂ ಮುಳ್ಳಿನ ಕವಳಿಯನ್ನು ಒತ್ತಾಗಿ ನೆಡಬಹುದು. ಲಕ್ಕಿ, ಬಂದರಿಕೆಗಳನ್ನು ದನಕರು ಸಾಮಾನ್ಯವಾಗಿ ಮೇಯುವುದಿಲ್ಲ. ನಡುನಡುವೆ ಹೊಂಗೆ, ಬೇವು ಇರಲಿ. ಹಳದಿ ಹೂವಿನ ಸೆನ್ನಾ ಸ್ಪೆಕ್ಟಾಬಿಲಿಸ್ ಮರವನ್ನು ಮಾತ್ರ ನೆರಳಿಗೆಂದೂ ನೆಡಬೇಡಿ. ಅದೂ ಹೊರಗಿನದೇ, ಬಂಡೀಪುರ, ನಾಗರಹೊಳೆಗಳಲ್ಲಿ ಈಗಾಗಲೇ ಹಬ್ಬಿದೆ, ಕಡಿದಷ್ಟೂ ಬುಡದಿಂದ ಚಿಗುರುತ್ತದೆ.

ಬೇಲಿಗೆ ನೇರ ವಿದ್ಯುತ್ ಹಾಯಿಸುವುದು ಅಪರಾಧ. ಆನೆಯಷ್ಟೇ ಅಲ್ಲ, ನೀರು ಹಾಯಿಸಲು ರಾತ್ರಿ ಹೊಲಕ್ಕೆ ಹೋದ ಮನೆಯವರೂ ಬಲಿಯಾಗಬಹುದು. ಅರಣ್ಯದ ಗಡಿಯೊಳಗಿನ ಪೊದೆ ತೆಗೆಯಬೇಕಿದ್ದಲ್ಲಿ ವಲಯ ಅರಣ್ಯಾಧಿಕಾರಿಯವರ ಅನುಮತಿ ಪಡೆದ ನಂತರವೇ ಕೆಲಸ ಆರಂಭಿಸಿರಿ.